ಒಂದರೊಳಗೊಂದು ಹೋದ ಫೋಲ್ಡರುಗಳು

ಮೂರನೆಯ ಮಹಡಿಯಲ್ಲಿ ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಬೀಗದಕ್ಕ ಎನ್ನುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. ಹತ್ತೊಂಬತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಒಂದೇ ಕೆಲಸ ಮಾಡಿದವಳಿಗೆ ಆ ಕೆಲಸದ ಹೆಸರೇ ಅಂಟಿಕೊಂಡರೆ ಬೇಜಾರು ಮಾಡಿಕೊಳ್ಳುವುದೇಕೆ ಎಂದು ಸುಮ್ಮನಿದ್ದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಮಾತ್ರ ಮನೆಯಲ್ಲಿ ಛೇಡಿಸುವುದನ್ನು ಬಿಡುತ್ತಿರಲಿಲ್ಲ. "ಬೀಗರು ಮನೆಗೆ ಬಂದ್ರೂ ನಿನ್ನ ಮುಖ ಇಷ್ಟು ಅರಳಲ್ಲ. ಬೀಗ ಅಂದ್ರೆ ಸಾಕು, ಹಲ್ಲೆಲ್ಲಾ ಕಾಣುತ್ತೆ!"

ಅವಳಿದ್ದ ಕಂಪನಿ ಫೈಲುಗಳನ್ನು ಇಟ್ಟುಕೊಳ್ಳುವ ದೊಡ್ಡ ಪೆಟ್ಟಿಗೆಗಳನ್ನು ಮಾಡುತ್ತಿತ್ತು. ಪೆಟ್ಟಿಗೆ ಎಂದರೆ ಆಳೆತ್ತರದ ಕಪ್ಪು ಯಂತ್ರ, ಒಳಗೆ ಸಾಲಾಗಿ ಡಿಸ್ಕುಗಳು. ಯಾವ ಫೈಲು ಯಾವ ಫೋಲ್ಡರಿನಲ್ಲಿದೆ, ಆ ಫೋಲ್ಡರು ಇನ್ಯಾವ ಫೋಲ್ಡರಿನೊಳಗಿದೆ ಎಂಬ ಲೆಕ್ಕವಿಡುವ ಕೋಡನ್ನು ನೋಡಿಕೊಳ್ಳುತ್ತಿದ್ದವಳು ಇವಳು. ಅದರಲ್ಲೂ ಬೀಗಗಳನ್ನು. ಒಂದೇ ಕ್ಷಣದಲ್ಲಿ ನೂರಾರು ಜನ ಒಂದೇ ಪೆಟ್ಟಿಗೆಗೆ ಕೈ ಹಾಕುತ್ತಾರೆ. ಒಬ್ಬರು ಬರೆಯುತ್ತಿರುವುದನ್ನು ಇನ್ನೊಬ್ಬರು ಅಳಿಸಬಾರದು, ಒಬ್ಬರು ತೆರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡು ಹೋಗಬಾರದು. ಹತ್ತು ಜನರ ಮನೆಯಲ್ಲಿ ಒಂದೇ ಬಚ್ಚಲಿದ್ದರೆ ಏನು ಮಾಡುತ್ತೇವೆ? ಒಳಗೆ ಹೋದವರು ಚಿಲಕ ಹಾಕಿಕೊಳ್ಳುತ್ತಾರೆ, ಉಳಿದವರು ಹೊರಗೆ ಗೊಣಗುತ್ತಾ ನಿಲ್ಲುತ್ತಾರೆ. ಇವಳ ಕೆಲಸವೂ ಅಷ್ಟೇ. ಎಲ್ಲಿ ಚಿಲಕ ಬೇಕು, ಯಾರು ಮೊದಲು ಹಾಕಬೇಕು, ಎಷ್ಟು ಹೊತ್ತು ಹಾಕಿಕೊಂಡಿರಬಹುದು ಎಂದು ತೀರ್ಮಾನಿಸುವುದು. ಕೆಲಸ ಸರಿಯಾಗಿದ್ದಷ್ಟು ದಿನ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಅವಳಿಗೆ ಬಡ್ತಿಯೂ ಹೆಚ್ಚು ಸಿಕ್ಕಿರಲಿಲ್ಲ.

ಅವಳು ಹಾಕಿದ್ದ ಬೀಗಗಳಲ್ಲೆಲ್ಲ ದೊಡ್ಡದೊಂದಿತ್ತು. ಏನನ್ನಾದರೂ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸಾಗಿಸಬೇಕಾದರೆ ಇಡೀ ಪೆಟ್ಟಿಗೆಯಲ್ಲಿ ಆ ಹೊತ್ತಿಗೆ ಒಬ್ಬರೇ ಸಾಗಿಸಬೇಕು, ಮಿಕ್ಕವರು ಕಾಯಬೇಕು. ಯಾಕೆ ಅಷ್ಟು ಬಿಗಿ ಎಂದು ಕೇಳಿದವರಿಗೆ ಅವಳು ತಾಳ್ಮೆಯಿಂದ ಹೇಳುತ್ತಿದ್ದಳು. ಕೆಂಪು ಫೋಲ್ಡರನ್ನು ನೀಲಿಯ ಒಳಗೆ ಹಾಕಬೇಕು ಎಂದುಕೊಳ್ಳಿ. ಕೋಡು ಮೊದಲು ನೋಡುತ್ತದೆ: ನೀಲಿಯೇ ಕೆಂಪಿನ ಒಳಗಿಲ್ಲ ತಾನೇ? ಇಲ್ಲ. ಸರಿ, ಹಾಕು. ಅದೇ ಗಳಿಗೆಯಲ್ಲಿ ಇನ್ನೊಬ್ಬರು ನೀಲಿಯನ್ನು ಕೆಂಪಿನ ಒಳಗೆ ಹಾಕಲು ಹೊರಟಿದ್ದರೆ? ಅಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ಇಬ್ಬರೂ ನೋಡಿದ್ದು ನಿಜವೇ, ಇಬ್ಬರೂ ಮಾಡಿದ್ದು ಸರಿಯೇ. ಆದರೆ ಕೊನೆಗೆ ಕೆಂಪು ನೀಲಿಯ ಒಳಗೆ, ನೀಲಿ ಕೆಂಪಿನ ಒಳಗೆ. ಎರಡೂ ಫೋಲ್ಡರುಗಳ ಮರದಿಂದ ಕಳಚಿಕೊಂಡು ಎಲ್ಲೋ ತೇಲುತ್ತಿರುತ್ತವೆ. ಅಳಿದುಹೋಗಿರುವುದಿಲ್ಲ, ಆದರೆ ಯಾವ ಬಾಗಿಲಿನಿಂದ ಹೋದರೂ ಸಿಗುವುದಿಲ್ಲ.

ಆ ಬೀಗದ ಮೇಲೆ ಅವಳಿಗೆ ಎಷ್ಟು ನಂಬಿಕೆ ಎಂದರೆ, ಡಿಸ್ಕಿನಲ್ಲಿ ದೋಷವಿದೆಯೇ ಎಂದು ನೋಡುವ ತಪಾಸಣೆಯ ಪ್ರೋಗ್ರಾಮನ್ನು ಬರೆದಾಗ ಅದಕ್ಕೆ ಒಂದು ಕೆಲಸ ಕಡಿಮೆ ಮಾಡಿಕೊಟ್ಟಳು. ಅದು ಒಂದೊಂದು ಫೋಲ್ಡರನ್ನೂ ಹಿಡಿದು, ನಿನ್ನನ್ನು ಇಟ್ಟುಕೊಂಡಿರುವ ಫೋಲ್ಡರು ಬದುಕಿದೆಯೇ ಎಂದಷ್ಟೇ ಕೇಳುತ್ತಿತ್ತು. ಬದುಕಿದ್ದರೆ ಮುಂದಕ್ಕೆ. ಎಲ್ಲಕ್ಕೂ ಬುಡವಾದ ಫೋಲ್ಡರಿನವರೆಗೆ ಹೋಗಿ ನೋಡುತ್ತಿರಲಿಲ್ಲ. ಒಂದರೊಳಗೊಂದು ಹೋಗಿ ಸುತ್ತಿಕೊಳ್ಳುವುದು ಸಾಧ್ಯವೇ ಇಲ್ಲದ ಮೇಲೆ ಅದನ್ನು ಹುಡುಕುತ್ತಾ ಗಂಟೆಗಟ್ಟಲೆ ಡಿಸ್ಕು ಸವೆಸುವುದು ಏಕೆ? ಹೀಗೆ ಲೆಕ್ಕ ಹಾಕಿದಳು. ತನ್ನ ಒಂದು ಕೈ ಮಾಡಿದ್ದನ್ನು ಇನ್ನೊಂದು ಕೈ ಕಣ್ಣುಮುಚ್ಚಿ ನಂಬಿತು. ಈ ಕಸುಬಿನವರು ಮಾತ್ರ ಮಾಡುವ ತಪ್ಪು ಇದು.

ಅವಳ ಮನೆಯ ಮೇಲಿನ ಮಹಡಿಯಲ್ಲಿ ಅವಳ ತಂಗಿ ಒಬ್ಬಳೇ ಇದ್ದಳು. ಮದುವೆಯ ಗೋಜಿಗೆ ಹೋದವಳಲ್ಲ. ದೊಡ್ಡದೊಂದು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಹದಿನಾರು ವರ್ಷದಿಂದ ಗುಮಾಸ್ತೆ. ಅಲ್ಲಿದ್ದದ್ದು ಇವಳ ಕಂಪನಿಯದೇ ಪೆಟ್ಟಿಗೆ. ಹನ್ನೊಂದು ವರ್ಷದ ಸ್ಕ್ಯಾನುಗಳು, ಇಪ್ಪತ್ತಾರು ಸಾವಿರ ರೋಗಿಗಳ ಮೂಳೆ, ಶ್ವಾಸಕೋಶ, ತಲೆಬುರುಡೆಗಳೆಲ್ಲ ತಂಗಿಯ ಸುಪರ್ದಿಯಲ್ಲಿದ್ದವು. ಅವಳಿಗೆ ಅದರ ಬಗ್ಗೆ ಹೆಮ್ಮೆಯಿತ್ತು. ಯಾವ ಡಾಕ್ಟರು ಯಾವ ವರ್ಷದ್ದು ಕೇಳಿದರೂ, ಅವರು ವಾಕ್ಯ ಮುಗಿಸುವುದರೊಳಗೆ ತೆರೆದು ತೋರಿಸುತ್ತಿದ್ದಳು. ದಾಖಲೆ ಹುಡುಕುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂಬ ಹೆಸರು ಅವಳ ಬದುಕಿನಲ್ಲಿ ಅವಳೇ ಸಂಪಾದಿಸಿದ ಒಂದೇ ಆಸ್ತಿ. ಹೋದದ್ದು ಅದೇ, ಮತ್ತು ಅದನ್ನು ಕಳೆದದ್ದು ಯಾರು ಎಂಬುದೇ ಇಲ್ಲಿ ಹೇಳಬೇಕಾದ ಮಾತು.

ಫೈಲು, ಫೋಲ್ಡರುಗಳನ್ನು ಸಾಗಿಸುವ ಕೆಲಸವನ್ನೆಲ್ಲ ಆಸ್ಪತ್ರೆಯವರು ಮಧ್ಯಾಹ್ನ ಒಂದು ಗಂಟೆಗೆ ಕೂಡಿಟ್ಟುಕೊಳ್ಳುತ್ತಿದ್ದರು. ಡಾಕ್ಟರುಗಳು ಊಟಕ್ಕೆ ಎದ್ದಿರುತ್ತಾರೆ, ಯಾರಿಗೂ ತೊಂದರೆಯಾಗುವುದಿಲ್ಲ ಎಂಬ ಯೋಚನೆ. ಬೆಳಗಿನಿಂದ ಒಟ್ಟಾದ ಸಾವಿರಾರು ಆಜ್ಞೆಗಳನ್ನು ಸರಿಯಾಗಿ ಒಂದಕ್ಕೆ ಬಿಡುವುದು, ಎಲ್ಲ ಮುಗಿಯುವವರೆಗೆ ಪರದೆಯ ಮುಂದೆ ಕಾಯುವುದು ತಂಗಿಯ ಕೆಲಸ. ದೊಡ್ಡ ಬೀಗದ ದೆಸೆಯಿಂದ ಎಲ್ಲ ಒಂದೊಂದಾಗಿ ಹೋಗಬೇಕು. ಮುಗಿಯುವಷ್ಟರಲ್ಲಿ ಎರಡೂವರೆ.

"ಅಕ್ಕಾ, ನಿಮ್ಮ ಯಂತ್ರಕ್ಕೇನು ಗೂರಲು ಹಿಡಿದಿದ್ಯಾ? ಎಲ್ಲರೂ ಊಟ ಮಾಡಿ ಕೈ ತೊಳ್ಕೊಂಡು ಬಂದಿರ್ತಾರೆ, ನಾನು ಡಬ್ಬಿ ಮುಚ್ಚಳಾನೇ ತೆಗೆದಿರಲ್ಲ" ಎಂದು ಸಂಜೆ ಮೆಟ್ಟಿಲ ಮೇಲೆ ಕೂತು ಗೊಣಗುತ್ತಿದ್ದಳು ತಂಗಿ.

"ನಿಧಾನ ಆದ್ರೂ ನಿನ್ನ ಫೈಲು ಭದ್ರವಾಗಿರುತ್ತೆ ಕಣೇ."

"ಭದ್ರವಾಗಿಟ್ಕೊಂಡು ಏನ್ ಮಾಡ್ಲಿ, ನನ್ನ ಹೊಟ್ಟೆಗೆ ಹಾಕ್ಕೊಳ್ಲಾ?"

ಇಬ್ಬರೂ ನಗುತ್ತಿದ್ದರು. ಆಗಿನ್ನೂ ನಗುವ ಕಾಲ.

ಆಸ್ಪತ್ರೆ ಕೊನೆಗೆ ಕಂಪನಿಗೆ ದೂರು ಬರೆಯಿತು. ದೂರು ಬಂದು ಬಿದ್ದದ್ದು ವಿಭಾಗದ ಮುಖ್ಯಸ್ಥರ ಮೇಜಿನ ಮೇಲೆ. ಅವರಿಗೆ ಕಚೇರಿಯವರು ಇಟ್ಟ ಹೆಸರು ಗಡಿಯಾರ. ಎಲ್ಲವನ್ನೂ ಅಳೆಯುವ ಮನುಷ್ಯ. ಯಾರು ಎಷ್ಟು ನಿಮಿಷ ಕಾಫಿಗೆ ಹೋದರು ಎಂಬುದರಿಂದ ಹಿಡಿದು ಕೋಡಿನ ಯಾವ ಸಾಲು ಎಷ್ಟು ಹೊತ್ತು ತಿಂದಿತು ಎಂಬುದರವರೆಗೆ. ಅಳೆದಾಗ ಹೊತ್ತೆಲ್ಲ ತಿನ್ನುತ್ತಿರುವುದು ದೊಡ್ಡ ಬೀಗವೇ ಎಂದು ಸಿಕ್ಕಿತು. ಅದನ್ನು ತೆಗೆದು, ಒಂದೇ ಸಲ ಯಂತ್ರದ ಹದಿನಾರು ಕೈಗಳು ಸಾಗಿಸುವಂತೆ ಅವರೇ ಒಂದು ವಾರ ಕೂತು ಕೋಡು ಬದಲಾಯಿಸಿದರು. ಬೀಗದ ವಿಷಯದಲ್ಲಿ ಏನೇ ಬದಲಾದರೂ ಬೀಗದಕ್ಕನ ಸಹಿ ಬೇಕು ಎಂಬುದು ಆ ಮಹಡಿಯ ನಿಯಮ. ಕಾಗದ ಅವಳ ಮುಂದೆ ಬಂತು.

"ಸರ್, ಇದನ್ನ ಪೂರ್ತಿ ತೆಗೀಬೇಡಿ. ಬರೀ ಫೈಲು ಸಾಗಿಸೋರಿಗೆ ಬೀಗ ಬೇಡ, ಬಿಟ್ಟುಬಿಡೋಣ. ಫೋಲ್ಡರು ಸಾಗಿಸೋರಿಗೆ ಮಾತ್ರ ಇರ್ಲಿ. ನೂರಕ್ಕೆ ತೊಂಬತ್ತೊಂಬತ್ತು ಫೈಲುಗಳೇ. ವೇಗವೂ ಬರುತ್ತೆ, ಅಪಾಯವೂ ಇಲ್ಲ" ಎಂದಳು.

"ಎಷ್ಟು ದಿನ ಬೇಕು?"

"ಮೂರು ವಾರ ಕೊಡಿ."

"ಮೂರು ವಾರ ಇಲ್ಲ. ನೀವು ಹೇಳೋ ಅಪಾಯ ಒಂದು ಸಲವಾದ್ರೂ ಆಗಿದ್ಯಾ?"

"ಬೀಗ ಇದ್ದಿದ್ರಿಂದ ಆಗಿಲ್ಲ ಸರ್."

"ಹಾಗಾದ್ರೆ ಬೀಗ ತೆಗೆದು ತೋರಿಸಿ. ಮೂರು ಸಲ ತೋರಿಸಿದ್ರೆ ಒಪ್ತೀನಿ."

ಇದೂ ಆ ಮಹಡಿಯ ನಿಯಮವೇ. ಕಣ್ಣೆದುರು ಮೂರು ಸಲ ತೋರಿಸಲಾಗದ ದೋಷ ದೋಷವೇ ಅಲ್ಲ.

ಬೀಗದಕ್ಕ ತೋರಿಸಲು ಕೂತಳು. ಪ್ರಯೋಗದ ಪೆಟ್ಟಿಗೆಯೊಂದರಲ್ಲಿ ಎರಡು ಫೋಲ್ಡರು ಮಾಡಿ, ಅದನ್ನು ಇದಕ್ಕೆ ಇದನ್ನು ಅದಕ್ಕೆ ಒಂದೇ ಸಲ ಸಾಗಿಸುವ ಆಟವನ್ನು ಲಕ್ಷಾಂತರ ಬಾರಿ ಆಡಿಸಿದಳು. ಏನಾಗುತ್ತಿದೆ ಎಂದು ಕಾಣಲು ಪ್ರತಿ ಹೆಜ್ಜೆಗೂ ಒಂದು ಸಾಲು ಬರೆದಿಡುವಂತೆ ಕೋಡಿನಲ್ಲಿ ಸೇರಿಸಿದಳು. ಮೂರು ದಿನ ಓಡಿತು, ಒಂದು ಸಲವೂ ಆಗಲಿಲ್ಲ. ನಾಲ್ಕನೆಯ ದಿನ ಕಾಫಿ ಲೋಟ ಹಿಡಿದು ನಿಂತಿದ್ದಾಗ ಹೊಳೆಯಿತು. ಆ ಸಾಲು ಬರೆದಿಡುವ ಜಾಗಕ್ಕೂ ಒಂದು ಬೀಗವಿದೆ! ಇಬ್ಬರೂ ಬರೆಯಲು ಅಲ್ಲಿ ಸಾಲಾಗಿ ನಿಲ್ಲುತ್ತಾರೆ, ನಿಂತದ್ದರಿಂದಲೇ ಹಿಂದೆಮುಂದೆ ಆಗಿ ಡಿಕ್ಕಿ ತಪ್ಪುತ್ತದೆ. ನೋಡಲು ಹೋದದ್ದರಿಂದಲೇ ಕಾಣದಾಗಿತ್ತು. ಹತ್ತೊಂಬತ್ತು ವರ್ಷದ ಅನುಭವದವಳು ಇಂಥ ಎಳಸು ತಪ್ಪು ಮಾಡಿದೆನಲ್ಲ ಎಂದು ಹಣೆ ಚಚ್ಚಿಕೊಂಡು ಆ ಸಾಲುಗಳನ್ನೆಲ್ಲ ಕಿತ್ತು ಹಾಕಿದಳು. ಆಮೇಲೆ ಎರಡು ದಿನದಲ್ಲಿ ಒಂದು ಸಲ ಆಯಿತು. ಒಂದೇ ಸಲ, ಅದೂ ಯಾರೂ ನೋಡದಾಗ. ಗುರುತಿನ ಸಾಲು ಒಂದೂ ಇಲ್ಲದ್ದರಿಂದ, ಹೇಗಾಯಿತು ಎಂದು ತೋರಿಸಲು ಅವಳ ಕೈಯಲ್ಲಿ ಏನೂ ಇರಲಿಲ್ಲ.

ಕೊನೆಗೆ ಉಪಾಯವಿಲ್ಲದೆ, ನೋಡುವುದಕ್ಕೂ ಸಾಗಿಸುವುದಕ್ಕೂ ನಡುವೆ ಬೇಕೆಂದೇ ಒಂದು ಸೆಕೆಂಡು ತಡೆಯಿಟ್ಟಳು. ಆಗ ಪ್ರತಿ ಸಲವೂ ಆಯಿತು. ಗಡಿಯಾರದವರನ್ನು ಕರೆದು ಮೂರು ಸಲ ತೋರಿಸಿದಳು. ಅವರು ಕೈಕಟ್ಟಿ ನಿಂತು ನೋಡಿ ನಕ್ಕರು.

"ನೀವೇ ಗುಂಡಿ ತೋಡಿ ನೀವೇ ಬಿದ್ದು ತೋರಿಸಿದ್ರೆ, ರಸ್ತೆ ಸರಿ ಇಲ್ಲ ಅಂತ ಆಗುತ್ತಾ ಮೇಡಂ?"

ಸುತ್ತ ನಿಂತವರೂ ನಕ್ಕರು. ಆದರೂ ಒಂದು ವಾರ ಸಹಿ ಹಾಕಲಿಲ್ಲ, ಕಾಗದವನ್ನು ಕೀಬೋರ್ಡಿನ ಕೆಳಗೆ ಇಟ್ಟುಕೊಂಡು ಕೂತಳು. ಆ ವಾರದ ಕೊನೆಯ ಸಂಜೆ ತಂಗಿ ಮೆಟ್ಟಿಲಿಳಿದು ಬಂದು ಒಲೆಯ ಪಕ್ಕ ಕೂತಳು. ಹೊಟ್ಟೆಯಲ್ಲಿ ಹುಣ್ಣು, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು ಎಂದಿದ್ದರಂತೆ ಅವಳದೇ ಆಸ್ಪತ್ರೆಯ ಡಾಕ್ಟರು. "ಏನೋ ಸರಿ ಮಾಡ್ತಾರಂತಲ್ಲ ಅಕ್ಕಾ, ಯಾವಾಗ ಮಾಡ್ತೀರಿ?" ಎಂದು ಕೇಳಿದಳು. ಮರುದಿನ ಬೀಗದಕ್ಕ ಸಹಿ ಹಾಕಿದಳು. ಆ ಸಹಿಯಲ್ಲಿ ತಂಗಿಯ ಹೊಟ್ಟೆ ಎಷ್ಟಿತ್ತು, ತನ್ನ ಸೋಲು ಎಷ್ಟಿತ್ತು ಎಂದು ಅವಳಿಗೂ ಹೇಳಲು ಬರುತ್ತಿರಲಿಲ್ಲ. ಗಡಿಯಾರದವರು ಸರಿಯಿರಬಹುದೇನೋ, ನಾನೇ ಸುಮ್ಮನೆ ಹೆದರುತ್ತಿದ್ದೇನೇನೋ ಎಂದೂ ಒಳಗೊಳಗೆ ಅನ್ನಿಸತೊಡಗಿತ್ತು.

ನಾಲ್ಕು ತಿಂಗಳು ಎಲ್ಲ ಹೂವೆತ್ತಿದಷ್ಟು ಸಲೀಸಾಗಿ ನಡೆಯಿತು. ತಂಗಿ ಒಂದು ಇಪ್ಪತ್ತಕ್ಕೆ ಊಟಕ್ಕೆ ಕೂರುತ್ತಿದ್ದಳು. ಗಡಿಯಾರದವರಿಗೆ ಬಡ್ತಿಯಾಯಿತು.

ಐದನೆಯ ತಿಂಗಳಲ್ಲಿ ಆಸ್ಪತ್ರೆಯ ಇಬ್ಬರು ದೊಡ್ಡವರಿಗೆ ಜಟಾಪಟಿ ಹತ್ತಿತು. ದಾಖಲೆ ವಿಭಾಗದ ಮುಖ್ಯಸ್ಥರು, ಸ್ಕ್ಯಾನು ವಿಭಾಗ ನನ್ನ ಕೆಳಗೆ ಬರಬೇಕು ಎಂದರು. ಸ್ಕ್ಯಾನು ವಿಭಾಗದ ದೊಡ್ಡ ಡಾಕ್ಟರು, ದಾಖಲೆಗಳೇ ನನ್ನ ಕೆಳಗೆ ಬರಬೇಕು ಎಂದರು. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ತಮ್ಮತಮ್ಮವರಿಗೆ ಆಜ್ಞೆ ಮಾಡಿದರು. ತಂಗಿ ತನ್ನ ಸಾಹೇಬರು ಹೇಳಿದಂತೆ, 'ಸ್ಕ್ಯಾನು' ಫೋಲ್ಡರನ್ನು 'ಹಳೆಯ ರೋಗಿಗಳು' ಎಂಬುದರ ಒಳಗೆ ಸಾಗಿಸಲು ಬರೆದಿಟ್ಟಳು. ಡಾಕ್ಟರ ಸಹಾಯಕ ತನ್ನ ಕೋಣೆಯಿಂದ ಅದನ್ನೇ ತಿರುವುಮುರುವಾಗಿ ಬರೆದಿಟ್ಟ. ಎರಡೂ ಒಂದು ಗಂಟೆಗೆ ಕಾದು ಕುಳಿತವು. ಒಂದಾಯಿತು, ಹದಿನಾರು ಕೈಗಳು ಒಟ್ಟಿಗೆ ಎದ್ದವು, ಎರಡು ಫೋಲ್ಡರುಗಳೂ ಮಂಗಮಾಯವಾದವು. ಪ್ರತಿ ಉಳಿಸಿಕೊಳ್ಳಲೆಂದು ಇಟ್ಟಿದ್ದ ಎರಡನೆಯ ಪೆಟ್ಟಿಗೆ, ಮೊದಲನೆಯದರಲ್ಲಿ ಕಾಣದ್ದು ತನ್ನಲ್ಲೇಕೆ ಎಂದು ಸಂಜೆಯೊಳಗೆ ತನ್ನದನ್ನೂ ನಿಷ್ಠೆಯಿಂದ ಅಳಿಸಿ ಹಾಕಿತು.

ಯಾರು ಯಾವುದನ್ನು ಸಾಗಿಸಿದರು ಎಂದು ಪೆಟ್ಟಿಗೆ ತಾನೇ ಬರೆದಿಡುವ ದಿನಚರಿಯಲ್ಲಿ ಎರಡು ಸಾಲುಗಳಿದ್ದವು. ಮೇಲೆ ಸಹಾಯಕನದು, ಕೆಳಗೆ ತಂಗಿಯದು. ಯಾರ ಸಾಲು ಕೆಳಗೆ ಬಿತ್ತು ಎಂಬುದಕ್ಕೆ ಎಳ್ಳಷ್ಟೂ ಅರ್ಥವಿಲ್ಲ. ಆದರೆ ಕೊನೆಗೆ ಮುಟ್ಟಿದವಳು ಇವಳೇ ಎಂದು ಆಸ್ಪತ್ರೆಯವರು ಓದಿಕೊಂಡರು. ಡಾಕ್ಟರ ಸಹಾಯಕನ ಸಾಲು ಡಾಕ್ಟರ ಮುಖ ನೋಡಿ ಮಾಯವಾಯಿತು. ಕಂಪನಿಗೆ ಬಂದ ಕಾಗದದಲ್ಲಿದ್ದದ್ದು ತಂಗಿಯ ಒಂದೇ ಸಾಲು, ಕೆಳಗೊಂದು ಪ್ರಶ್ನೆ: ನಿಮ್ಮ ಯಂತ್ರದಲ್ಲಿ ದೋಷವಿದೆಯೇ, ಅಥವಾ ನಮ್ಮ ಸಿಬ್ಬಂದಿ ಅಳಿಸಿದ್ದಾರೆಯೇ?

ಕಾಗದವನ್ನು ಗಡಿಯಾರದವರು ಬೀಗದಕ್ಕನಿಗೇ ಕೊಟ್ಟರು. "ಸರ್, ಅಲ್ಲಿ ನನ್ನ ತಂಗಿ ಇದ್ದಾಳೆ" ಎಂದಳು. "ಒಳ್ಳೇದೇ ಆಯ್ತಲ್ಲ. ನೀವು ಪಕ್ಷಪಾತ ಮಾಡೋರಲ್ಲ ಅಂತ ಎಲ್ಲರಿಗೂ ಗೊತ್ತು" ಎಂದರು. ಆ ಮಾತು ಅವಳನ್ನು ಕಟ್ಟಿಹಾಕಿತು. ತಂಗಿ ಎಂಬ ಕಾರಣಕ್ಕೇ ಅವಳು ಎರಡು ಪಟ್ಟು ಕಟ್ಟುನಿಟ್ಟಾದಳು. ತಪಾಸಣೆಯ ಪ್ರೋಗ್ರಾಮನ್ನು ಬೆಳಿಗ್ಗೆ ಹಚ್ಚಿದಳು, ಸಂಜೆಗೆ ಮುಗಿಯಿತು. ದೋಷ ಸೊನ್ನೆ. ಎರಡನೆಯ ಸಲ ಹಚ್ಚಿದಳು. ಮತ್ತೆ ಸೊನ್ನೆ. ಎರಡು ಫೋಲ್ಡರುಗಳೂ, ನಿನ್ನನ್ನು ಇಟ್ಟುಕೊಂಡವರು ಬದುಕಿದ್ದಾರೆಯೇ ಎಂಬ ಪ್ರಶ್ನೆಗೆ ಒಂದನ್ನೊಂದು ತೋರಿಸಿ ಪಾರಾಗಿದ್ದವು. ಅವಳು ಅದನ್ನು ಹೇಗೆ ತಿಳಿಯಬೇಕು? ತಿಳಿಯಬೇಕಿತ್ತು. ಬುಡದವರೆಗೆ ಹೋಗಿ ನೋಡುವ ಕೆಲಸವನ್ನು ಪ್ರೋಗ್ರಾಮಿಗೆ ಕೊಡದೆ ಬಿಟ್ಟವಳು ಅವಳೇ. 'ಡಿಸ್ಕು ಸ್ವಚ್ಛವಾಗಿದೆ, ಬಳಕೆದಾರರು ಅಳಿಸಿರುವ ಸಾಧ್ಯತೆಯೇ ಹೆಚ್ಚು' ಎಂದು ವರದಿ ಬರೆದು ಸಹಿ ಹಾಕಿದಳು.

ಆ ಸಂಜೆ ಮೇಲಿನ ಮಹಡಿಗೆ ಹತ್ತಿ ಹೋದಳು. ತಂಗಿ ದೀಪ ಹಾಕದೆ ಕೂತಿದ್ದಳು.

"ನಾನು ಅಳಿಸಿಲ್ಲ ಅಕ್ಕಾ."

"ಎರಡು ಸಲ ನೋಡ್ದೆ ಕಣೇ. ಡಿಸ್ಕಲ್ಲಿ ಏನೂ ತಪ್ಪಿಲ್ಲ. ಅವಸರದಲ್ಲಿ ನೀನೇ ಏನೋ ಒತ್ತಿರ್ಬೇಕು. ನೆನಪು ಮಾಡ್ಕೋ."

"ಒತ್ತಿಲ್ಲ. ಅಳಿಸಿದ್ರೆ ಜಾಗ ಖಾಲಿ ಆಗ್ಬೇಕಲ್ವಾ? ಪೆಟ್ಟಿಗೆ ತುಂಬಿದ ಹಾಗೇ ತೋರಿಸ್ತಿದೆ."

"ಅದು ಹಾಗಲ್ಲ. ಜಾಗ ಆಮೇಲೆ ನಿಧಾನಕ್ಕೆ ಖಾಲಿ ಆಗುತ್ತೆ. ನಿನಗೆ ಅದೆಲ್ಲ ಗೊತ್ತಾಗಲ್ಲ."

ಅಕ್ಕ ಅವಳ ತಲೆ ಸವರಿ, "ತಪ್ಪು ಎಲ್ಲರೂ ಮಾಡ್ತಾರೆ. ಹಟ ಮಾಡ್ಬೇಡ. ಒಪ್ಕೊಂಡ್ರೆ ಕೆಲಸದಿಂದ ತೆಗೆಯಲ್ಲ" ಎಂದಳು. ಒಳ್ಳೆಯದಕ್ಕೇ ಹೇಳಿದ್ದು. ಇಂಥ ಮಾತುಗಳನ್ನೆಲ್ಲ ಒಳ್ಳೆಯದಕ್ಕೇ ಹೇಳಿರುತ್ತಾರೆ.

ತಂಗಿ ಎರಡು ದಿನ ಯೋಚಿಸಿದಳು. ಮೂರನೆಯ ದಿನ, ನನ್ನ ಕೈತಪ್ಪಿನಿಂದ ಅಳಿದಿರಬಹುದು ಎಂದು ಬರೆದುಕೊಟ್ಟಳು. ಆಸ್ಪತ್ರೆಯವರು ಅವಳನ್ನು ದಾಖಲೆ ಕೋಣೆಯಿಂದ ಎಬ್ಬಿಸಿ, ಎರಡು ದರ್ಜೆ ಇಳಿಸಿ, ನೆಲಮಾಳಿಗೆಯಲ್ಲಿ ಹಾಸಿಗೆಯ ಬಟ್ಟೆಗಳನ್ನು ಲೆಕ್ಕ ಮಾಡಿ ಒಗೆಯಲು ಕಳಿಸುವ ಕೆಲಸಕ್ಕೆ ಹಾಕಿದರು. ಅದಕ್ಕಿಂತ ಕೆಟ್ಟದ್ದು ಮನೆಯಲ್ಲಿ ಶುರುವಾಯಿತು. "ಅಕ್ಕಾ, ಗ್ಯಾಸು ಆರಿಸಿದ್ದೀನಾ ನೋಡು ಬಾ" ಎಂದು ಮೇಲಿನಿಂದ ಕೂಗುತ್ತಿದ್ದಳು. ನಲ್ಲಿ ನಿಲ್ಲಿಸಿ, ನಿಂತಿದೆಯೇ ಎಂದು ಅಂಗೈ ಒಡ್ಡಿ ನೋಡುತ್ತಿದ್ದಳು. ಬಾಗಿಲು ಹಾಕಿ ಬಸ್ ನಿಲ್ದಾಣದವರೆಗೆ ಹೋಗಿ, ಹಾಕಿದ್ದೇನೋ ಇಲ್ಲವೋ ಎಂದು ಮರಳಿ ಬರುತ್ತಿದ್ದಳು. ಇಪ್ಪತ್ತಾರು ಸಾವಿರ ಜನರ ದಾಖಲೆಗಳನ್ನು ಕಣ್ಣುಮುಚ್ಚಿ ಹುಡುಕಿ ಕೊಡುತ್ತಿದ್ದ ಹೆಂಗಸಿಗೆ ತನ್ನ ಬೆರಳುಗಳ ಮೇಲೇ ನಂಬಿಕೆ ಹೋಗಿತ್ತು. ಬೀಗದಕ್ಕನ ಗಂಡ ಇದನ್ನೆಲ್ಲ ನೋಡಿ, "ಅವಳಿಗೆ ಏನೋ ಆಗಿದೆ ಕಣೇ, ಯಾರಿಗಾದ್ರೂ ತೋರಿಸೋಣ" ಎಂದ. "ತಾನೇ ಸರಿ ಹೋಗ್ತಾಳೆ, ಸ್ವಲ್ಪ ದಿನ" ಎಂದಳು ಇವಳು.

ಮೂರು ವಾರ ಕಳೆದ ಮೇಲೆ ಒಂದು ಸಂಜೆ, ಒಗೆದ ಬಟ್ಟೆ ಮಡಿಸುತ್ತಾ ತಂಗಿ ಸುಮ್ಮನೆ ಒಂದು ಮಾತು ಹೇಳಿದಳು. ದಾಖಲೆ ಕೋಣೆಯ ಹಳೆಯ ಗೆಳತಿ ಸಿಕ್ಕಿದ್ದಳಂತೆ. ಪೆಟ್ಟಿಗೆ ಈಗ ಪೂರ್ತಿ ತುಂಬಿಹೋಗಿ ಹೊಸ ಸ್ಕ್ಯಾನುಗಳನ್ನು ತೆಗೆದುಕೊಳ್ಳುತ್ತಲೇ ಇಲ್ಲವಂತೆ.

"ಅಳಿಸಿದ್ದು ಇನ್ನೂ ಖಾಲಿ ಆಗಿಲ್ವಾ ಅಕ್ಕಾ? ಎಷ್ಟು ನಿಧಾನ ನಿಮ್ಮ ಯಂತ್ರ."

ಜೊತೆಗೆ ಮಡಿಸುತ್ತಿದ್ದ ಬೀಗದಕ್ಕ ಕೈ ನಿಲ್ಲಿಸಿದಳು. ಅಳಿಸಿದ್ದರ ಜಾಗ ಎರಡು ದಿನದಲ್ಲಿ ಖಾಲಿಯಾಗಲೇಬೇಕು. ಆ ಕೋಡನ್ನು ಬರೆದವಳೂ ಅವಳೇ. ಮೂರು ವಾರವಾದರೂ ಜಾಗ ಬಿಟ್ಟಿಲ್ಲವೆಂದರೆ ಅಲ್ಲಿ ಏನೋ ಕೂತಿದೆ. ಕೈಯಲ್ಲಿದ್ದ ಬಟ್ಟೆ ಹಾಗೇ ಬಿಟ್ಟು ಕೆಳಗಿಳಿದು ಬಂದವಳು ಅನ್ನ ಬೇಡವೆಂದಳು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ ತಪಾಸಣೆಗೆಂದು ತರಿಸಿಕೊಂಡಿದ್ದ ಆಸ್ಪತ್ರೆಯ ಡಿಸ್ಕಿನ ಪ್ರತಿಯನ್ನು ತೆರೆದಳು. ತಪಾಸಣೆಯ ಪ್ರೋಗ್ರಾಮನ್ನು ಮುಟ್ಟಲಿಲ್ಲ. ಫೋಲ್ಡರುಗಳ ಪಟ್ಟಿಯನ್ನೇ ನೇರವಾಗಿ, ಸಾಲು ಸಾಲಾಗಿ ಓದುತ್ತಾ ಹೋದಳು. ಹನ್ನೊಂದು ಗಂಟೆಯ ಹೊತ್ತಿಗೆ ಸಿಕ್ಕಿತು. ನಾಲ್ಕು ಸಾವಿರದ ನಾನೂರ ಹದಿನೇಳನೆಯ ಫೋಲ್ಡರು ಇರುವುದು ಒಂಬತ್ತು ಸಾವಿರದ ಮೂವತ್ತೆರಡರ ಒಳಗೆ. ಒಂಬತ್ತು ಸಾವಿರದ ಮೂವತ್ತೆರಡು ಇರುವುದು ನಾಲ್ಕು ಸಾವಿರದ ನಾನೂರ ಹದಿನೇಳರ ಒಳಗೆ. ಹನ್ನೊಂದು ವರ್ಷದ ಸ್ಕ್ಯಾನುಗಳು ಒಂದೂ ಮುಕ್ಕಾಗದೆ ಅಲ್ಲಿದ್ದವು. ಅದೇ ಪ್ರತಿಯಲ್ಲಿದ್ದ ದಿನಚರಿಯಲ್ಲಿ, ಕಾಗದದಲ್ಲಿ ಬಿಟ್ಟುಹೋಗಿದ್ದ ಡಾಕ್ಟರ ಸಹಾಯಕನ ಸಾಲೂ ಸಿಕ್ಕಿತು. ಅಳಿಸಿದವರು ಯಾರೂ ಇರಲಿಲ್ಲ.

ಗಂಟು ಬಿಡಿಸಲು ಹತ್ತು ನಿಮಿಷ ಸಾಕಾಯಿತು. ಒಂದು ಅಂಕಿ ಬದಲಾಯಿಸಿದರೆ ಮುಗಿಯಿತು. ಸಂಜೆಯೊಳಗೆ ಆಸ್ಪತ್ರೆಯ ಪೆಟ್ಟಿಗೆಯಲ್ಲಿ ಎರಡೂ ಫೋಲ್ಡರುಗಳು ಮರಳಿ ಕಂಡವು. ಗಡಿಯಾರದವರಿಗೆ ಎಲ್ಲವನ್ನೂ ಕಡ್ಡಿ ಮುರಿದಂತೆ ಹೇಳಿದಳು. ಬೀಗ ತೆಗೆದದ್ದು, ತಾನು ಸಹಿ ಹಾಕಿದ್ದು, ತಪಾಸಣೆಯ ಪ್ರೋಗ್ರಾಮು ಕುರುಡಾಗಿದ್ದದ್ದು. ಅವರು ಕೇಳಿಸಿಕೊಂಡು ಬಾಗಿಲು ಹಾಕಿದರು.

"ಒಳ್ಳೇ ಕೆಲಸ ಮಾಡಿದ್ರಿ. ಫೋಲ್ಡರಿಗೆ ಬೀಗ ಮರಳಿ ಹಾಕಿಬಿಡೋಣ, ಫೈಲಿಗೆ ಬೇಡ. ನೀವು ಅವತ್ತು ಹೇಳಿದ ಹಾಗೇ. ಆದ್ರೆ ಆಸ್ಪತ್ರೆಗೆ ಇದೆಲ್ಲ ಬಿಡಿಸಿ ಹೇಳೋದು ಬೇಡ."

"ನನ್ನ ತಂಗಿ ಅಳಿಸಿಲ್ಲ ಅಂತ ಹೇಳ್ಬೇಕು ಸರ್."

"ಅವರೇ ಒಪ್ಕೊಂಡು ಬರ್ಕೊಟ್ಟಿದ್ದಾರಲ್ಲ ಮೇಡಂ. ನೀವೂ ವರದಿಗೆ ಸಹಿ ಹಾಕಿದ್ದೀರಿ."

ಮರುದಿನ ಆಸ್ಪತ್ರೆಗೆ ಹೋದ ಕಾಗದದಲ್ಲಿ, ಅಳಿಸಿಹೋಗಿದ್ದ ದಾಖಲೆಗಳನ್ನು ನಮ್ಮ ತಂಡ ಹಗಲಿರುಳು ದುಡಿದು ಮರಳಿ ತಂದಿದೆ ಎಂದಿತ್ತು. ಆಸ್ಪತ್ರೆಯಿಂದ ಹೂಗುಚ್ಛ ಬಂತು. ಗಡಿಯಾರದವರು ಅದನ್ನು ತಂದು ಬೀಗದಕ್ಕನ ಮೇಜಿನ ಮೇಲಿಟ್ಟು, ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ತಂಗಿ ಅಳಿಸಿದಳು, ಕಂಪನಿ ಉಳಿಸಿತು. ಹೀಗೆ ಕಥೆ ಗಟ್ಟಿಯಾಯಿತು.

ಬೀಗದಕ್ಕ ತಾನೇ ಒಂದು ಕಾಗದ ಬರೆದಳು. ನಾಲ್ಕು ಪುಟ. ಯಾವುದನ್ನೂ ಮುಚ್ಚಿಡಲಿಲ್ಲ, ತನ್ನನ್ನೂ ಬಿಡಲಿಲ್ಲ. ಅದನ್ನು ಆಸ್ಪತ್ರೆಯ ಆಡಳಿತ ಕಚೇರಿಗೆ ಸ್ವತಃ ಹೋಗಿ ಕೊಟ್ಟಳು. ಹನ್ನೆರಡು ದಿನದ ಮೇಲೆ ಉತ್ತರ ಬಂತು. ವಿಚಾರಣೆ ಮುಗಿದಿದೆ, ಸಿಬ್ಬಂದಿ ಸ್ವತಃ ತಪ್ಪೊಪ್ಪಿಕೊಂಡಿದ್ದಾರೆ, ಕಂಪನಿಯ ಅಧಿಕೃತ ವರದಿಯೂ ಅದನ್ನೇ ಹೇಳುತ್ತದೆ, ತಾವು ಅವರ ಹತ್ತಿರದ ಸಂಬಂಧಿ ಎಂದು ತಿಳಿದುಬಂದಿದೆ. ಅಷ್ಟೇ. ಗಡಿಯಾರದವರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಬೈಯಲೂ ಇಲ್ಲ. ಬೀಗದ ಬದಲಾವಣೆಗೆ ಅವಳ ಸಹಿ ಬೇಕೆಂಬ ನಿಯಮವನ್ನು ಮಾತ್ರ ತೆಗೆದುಹಾಕಿದರು.

ಇನ್ನು ಉಳಿದದ್ದು ತಂಗಿಗೆ ಹೇಳುವುದು. ಕಾಗದದ ಉತ್ತರ ಬರಲಿ, ಹೆಸರು ತಿರುಗಿ ಬರಲಿ, ಆಗ ಹೇಳೋಣ ಎಂದು ಇಷ್ಟು ದಿನ ತಡೆದಿದ್ದಳು. ಹೇಳಲು ಹೆದರಿಕೆ ಎಂಬುದೇ ನಿಜವಾದ ಕಾರಣ. ರಜೆಯ ದಿನ ಬೆಳಿಗ್ಗೆ ಮೇಲೆ ಹತ್ತಿದಳು. ತಂಗಿ ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ಹಾಲು ಕಾಯಿಸುತ್ತಿದ್ದಳು. ಬೀಗದಕ್ಕ ಕುರ್ಚಿ ಎಳೆದುಕೊಂಡು ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದಳು. ದೊಡ್ಡ ಬೀಗ, ಗುಂಡಿಯ ಮಾತಿಗೆ ಎಲ್ಲರೂ ನಕ್ಕದ್ದು, ಸಹಿ, ಡಾಕ್ಟರ ಸಹಾಯಕನ ಸಾಲು, ಎರಡು ಫೋಲ್ಡರುಗಳು, ಸೊನ್ನೆ ದೋಷ. "ನೀನು ಏನೂ ಮಾಡಿಲ್ಲ ಕಣೇ. ಎಲ್ಲ ಮಾಡಿದ್ದು ನಾನು. ನಿನ್ನ ಬಾಯಿಂದ ತಪ್ಪು ಅಂತ ಹೇಳ್ಸಿದ್ದೂ ನಾನೇ" ಎಂದು ಅತ್ತಳು. ಬೈಯಲಿ, ಕೂಗಾಡಲಿ, ಮನೆಯಿಂದ ಆಚೆ ನಡೆ ಎನ್ನಲಿ ಎಂದು ಕಾದಳು. ಅದಕ್ಕೆ ಸಿದ್ಧಳಾಗಿಯೇ ಬಂದಿದ್ದಳು.

ತಂಗಿ ಉರಿ ಸಣ್ಣ ಮಾಡಿದಳು.

"ಆದ್ರೂ ನಾನೇನಾದ್ರೂ ಒತ್ತಿರ್ಬಹುದು ಅಲ್ವಾ ಅಕ್ಕಾ?"

"ಇಲ್ಲ ಕಣೇ! ನಾನೇ ಕಣ್ಣಾರೆ ನೋಡಿದ್ದೀನಿ. ನೀನು ಏನೂ ಒತ್ತಿಲ್ಲ."

"ಒತ್ತಿರ್ಬೇಕು ಅಂತ ನೀನೇ ಅಂದಿದ್ದೆ."

"ಅವತ್ತು ನನಗೆ ಗೊತ್ತಿರ್ಲಿಲ್ಲ."

"ಗೊತ್ತಿದೆ ಅಂತಾನೇ ಹೇಳಿದ್ದೆ, ಎರಡು ಸಲ ನೋಡ್ದೆ ಅಂತ." ತಂಗಿಯ ದನಿಯಲ್ಲಿ ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ದಾರಿ ತಪ್ಪಿದವರು ದಾರಿ ಕೇಳುವ ಹಾಗೆ ಕೇಳಿದಳು. "ಇವತ್ತು ನೀನು ಹೇಳ್ತಿರೋದು ಸರಿ ಅಂತ ನಾನು ಹೇಗೆ ತಿಳ್ಕೊಳ್ಲಿ?"

ಹಾಲು ಉಕ್ಕಿ ಬಂತು, ತಂಗಿ ಗ್ಯಾಸು ಆರಿಸಿದಳು, ಆಮೇಲೆ ಪಕ್ಕಕ್ಕೆ ಸರಿದು ಅಕ್ಕ ಬಂದು ನೋಡಲೆಂದು ಜಾಗ ಬಿಟ್ಟು ನಿಂತಳು.